ಕನ್ನಡಿ ಕಳಚಿಕೊಂಡ ಕ್ಯಾಮರಾ

ಚಿತ್ರ ತೆಗೆಯುವುದಕ್ಕೆ ಕನ್ನಡದಲ್ಲಿ ‘ಕ್ಲಿಕ್ಕಿಸು’ ಎಂಬ ಕ್ರಿಯಾಪದವೇ ಬಳಕೆಗೆ ಬಂದಿದೆ. ವೃತ್ತಿನಿರತ ಛಾಯಾಗ್ರಾಹಕರ ದೊಡ್ಡ ಕ್ಯಾಮರಾಗಳಲ್ಲಿ ಈ ಸದ್ದಿಗೆ ಷಟರ್ ಒಂದೇ ಕಾರಣವಲ್ಲ. ಒಳಗಿನ ಪುಟ್ಟ ಕನ್ನಡಿಯೊಂದು ಮೇಲೆದ್ದು ಮತ್ತೆ ಕೆಳಗಿಳಿಯುವ ಸದ್ದೂ ಅದರಲ್ಲಿ ಸೇರಿದೆ. ಪತ್ರಿಕಾ ವರದಿಯಿಂದ ಮದುವೆ ಮಂಟಪದವರೆಗೆ ಅರ್ಧ ಶತಮಾನ ಕಾಲ ಮೆರೆದದ್ದು ಈ ಕನ್ನಡಿಯುಳ್ಳ ರಿಫ್ಲೆಕ್ಸ್ ಅಥವಾ ಎಸ್‌ಎಲ್‌ಆರ್ ಕ್ಯಾಮರಾ. ಅದರ ಜಾಗಕ್ಕೆ ಈಗ ಕನ್ನಡಿಯೇ ಇಲ್ಲದ ‘ಮಿರರ್‌ಲೆಸ್’ ಬಂದಿದೆ. ಇದು ಮಾರುಕಟ್ಟೆಯ ಹೊಸ ಗೀಳೇ ಅಥವಾ ಹಳೆಯದನ್ನು ನಿಜವಾಗಿಯೂ ಬದಲಿಸಬಲ್ಲ ಸಾಧನವೇ? ಉತ್ತರ ಬೇಕಿದ್ದರೆ ಕ್ಯಾಮರಾದೊಳಕ್ಕೆ ಕನ್ನಡಿ ಬಂದದ್ದೇಕೆ ಎಂಬುದನ್ನು ಮೊದಲು ತಿಳಿಯಬೇಕು.

ಕನ್ನಡಿಯ ಕಥೆ

ಫಿಲ್ಮ್ ಕತ್ತಲಿನ ಕೂಸು. ಚಿತ್ರ ತೆಗೆಯುವ ಕ್ಷಣದ ಹೊರತು ಅದಕ್ಕೆ ಬೆಳಕು ತಾಗಕೂಡದು. ಹೀಗಾಗಿ ಫಿಲ್ಮ್ ಒಳಗಿರುವಾಗ ಮಸೂರದ ಮೂಲಕ ಛಾಯಾಗ್ರಾಹಕ ನೋಡುವುದು ಹೇಗೆ ಎಂಬುದೇ ಸಮಸ್ಯೆಯಾಗಿತ್ತು. ಸಣ್ಣ ಕ್ಯಾಮರಾಗಳಲ್ಲಿ ನೋಡಲು ಬೇರೆಯೇ ಕಿಂಡಿ ಇಟ್ಟರು. ಆದರೆ ಕಿಂಡಿಗೆ ಕಂಡದ್ದೇ ಮಸೂರಕ್ಕೆ ಕಾಣುವುದಿಲ್ಲ. ಹತ್ತಿರದ ಚಿತ್ರಗಳಲ್ಲಿ ತಲೆ ಕತ್ತರಿಸಿ ಹೋಗುತ್ತಿತ್ತು.

ಮಸೂರದ ಹಿಂದೆ 45 ಡಿಗ್ರಿ ಓರೆಯಾಗಿ ಕನ್ನಡಿ ಇಟ್ಟರೆ ಬೆಳಕು ಮೇಲಕ್ಕೆ ತಿರುಗಿ ಮಸುಕು ಗಾಜಿನ ಮೇಲೆ ಬೀಳುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಸರಿದು ಫಿಲ್ಮ್‌ಗೆ ದಾರಿ ಬಿಡುತ್ತದೆ. ಇಂಗ್ಲೆಂಡಿನ ಥಾಮಸ್ ಸಟ್ಟನ್ ಇಂಥ ಕ್ಯಾಮರಾಕ್ಕೆ 1861ರಲ್ಲೇ ಪೇಟೆಂಟ್ ಪಡೆದಿದ್ದ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1936ರಲ್ಲಿ ಬಂದ ಕಿನೆ ಎಕ್ಸಾಕ್ಟಾ ಇದನ್ನು 35 ಮಿ.ಮೀ. ಫಿಲ್ಮ್‌ಗೆ ಅಳವಡಿಸಿತು. ಆದರೂ ಅದರಲ್ಲಿ ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕಿತ್ತು, ಎಡ ಬಲ ಅದಲುಬದಲಾಗಿ ಕಾಣುತ್ತಿತ್ತು. 1949ರ ಕಾಂಟ್ಯಾಕ್ಸ್ ಎಸ್ ಪೆಂಟಾಪ್ರಿಸಂ ಎಂಬ ಗಾಜಿನ ಪಟ್ಟಕದ ಮೂಲಕ ದೃಶ್ಯವನ್ನು ಕಣ್ಣಿನ ಮಟ್ಟದಲ್ಲೇ ನೇರವಾಗಿ ತೋರಿಸಿತು. 1954ರಲ್ಲಿ ಜಪಾನಿನ ಅಸಾಹಿಫ್ಲೆಕ್ಸ್‌ನ ಹೊಸ ಮಾದರಿಯಲ್ಲಿ ಮೇಲೆದ್ದ ಕನ್ನಡಿ ತಾನಾಗಿಯೇ ಮರಳತೊಡಗಿತು. ಇವೆಲ್ಲವನ್ನೂ ಒಟ್ಟುಗೂಡಿಸಿಕೊಂಡು 1959ರಲ್ಲಿ ಬಂದ ನಿಕಾನ್ ಎಫ್, ಸುದ್ದಿ ಛಾಯಾಗ್ರಾಹಕರ ಅಚ್ಚುಮೆಚ್ಚಿನ ಸಾಧನವಾಯಿತು.

ಸಂವೇದಕವೇ ಕಣ್ಣಾದಾಗ

ಡಿಜಿಟಲ್ ಯುಗದಲ್ಲಿ ಫಿಲ್ಮ್ ಇದ್ದ ಜಾಗಕ್ಕೆ ವಿದ್ಯುನ್ಮಾನ ಸಂವೇದಕ ಬಂತು. ಫಿಲ್ಮ್‌ನಂತೆ ಇದನ್ನು ಕತ್ತಲಲ್ಲಿ ಬಚ್ಚಿಡಬೇಕಿಲ್ಲ. ತನ್ನ ಮೇಲೆ ಬಿದ್ದ ದೃಶ್ಯವನ್ನು ಅದು ಎಡೆಬಿಡದೆ ಪುಟ್ಟ ಪರದೆಗೆ ರವಾನಿಸಬಲ್ಲದು. ಅಂದರೆ ಕನ್ನಡಿಯ ಮೂಲ ಕಾರಣವೇ ಇಲ್ಲವಾಯಿತು. ಆದರೂ ಕನ್ನಡಿ ಕೂಡಲೇ ಹೋಗಲಿಲ್ಲ. ಆರಂಭದ ಪರದೆಗಳು ಮಂದವಾಗಿದ್ದವು, ಓಡುವ ಆಟಗಾರ ಪರದೆಯಲ್ಲಿ ಹಿಂದೆ ಬೀಳುತ್ತಿದ್ದ. ಪ್ಯಾನಸೋನಿಕ್ 2008ರಲ್ಲಿ ಜಿ1 ಮಾದರಿಯನ್ನೂ ಸೋನಿ 2013ರಲ್ಲಿ ಪೂರ್ಣ 35 ಮಿ.ಮೀ. ಅಳತೆಯ ಸಂವೇದಕವುಳ್ಳ ಎ7 ಮಾದರಿಯನ್ನೂ ತಂದವು. ನಿಕಾನ್ ಮತ್ತು ಕ್ಯಾನನ್ ಈ ದೊಡ್ಡ ಅಳತೆಯ ಮಿರರ್‌ಲೆಸ್‌ಗೆ ಕೈಹಾಕಿದ್ದು 2018ರಲ್ಲಿ.

ಕನ್ನಡಿ ಹೋದದ್ದರಿಂದ ಮಸೂರ ಸಂವೇದಕಕ್ಕೆ ಹತ್ತಿರ ಬಂತು. ನಿಕಾನ್‌ನಲ್ಲಿ 46.5 ಮಿ.ಮೀ. ಇದ್ದ ಅಂತರ 16ಕ್ಕೆ ಇಳಿಯಿತು, ಕ್ಯಾಮರಾ ತೆಳುವಾಯಿತು. ಎಸ್‌ಎಲ್‌ಆರ್‌ನಲ್ಲಿ ಫೋಕಸ್ ನೋಡಿಕೊಳ್ಳುವುದು ಕನ್ನಡಿಯ ಕೆಳಗಿನ ಬೇರೊಂದು ಸಂವೇದಕ. ಅದರ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಮಸುಕಾಗುತ್ತದೆ. ಮಿರರ್‌ಲೆಸ್‌ನಲ್ಲಿ ಚಿತ್ರ ಹಿಡಿಯುವ ಸಂವೇದಕವೇ ಫೋಕಸ್ ಮಾಡುತ್ತದೆ, ಮುಖದಲ್ಲಿ ಕಣ್ಣನ್ನು ಗುರುತಿಸಿ ಹಿಂಬಾಲಿಸುತ್ತದೆ. ಬೇಕೆಂದರೆ ಸದ್ದಿಲ್ಲದೆ ಚಿತ್ರ ತೆಗೆಯಬಹುದು. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರನ್ನು ಕಂಡ ಕರ್ನಾಟಕದಲ್ಲಿ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಸದ್ದಿಗೆ ಬೆದರಿದ ಹಕ್ಕಿ ಎರಡನೇ ಚಿತ್ರಕ್ಕೆ ಕಾಯುವುದಿಲ್ಲ.

ಲಾಭ, ನಷ್ಟ

ಹಾಗೆಂದು ಎಲ್ಲವೂ ಲಾಭವೇ ಅಲ್ಲ. ಕನ್ನಡಿ ತೋರಿಸುವುದು ನಿಜವಾದ ಬೆಳಕನ್ನು. ಅದಕ್ಕೆ ವಿದ್ಯುತ್ ಬೇಕಿಲ್ಲ. ಪರದೆ ತೋರಿಸುವುದು ಬೆಳಕಿನ ಪ್ರತಿಕೃತಿಯನ್ನು, ಅದೂ ಬ್ಯಾಟರಿಯ ಖರ್ಚಿನಲ್ಲಿ. ಉದ್ಯಮದ ಒಂದೇ ಮಾನದಂಡದಲ್ಲಿ ಅಳೆದಾಗ ನಿಕಾನ್ ಡಿ850 ಒಂದು ಬ್ಯಾಟರಿಗೆ 1,840 ಚಿತ್ರ ತೆಗೆದರೆ, ಮಿರರ್‌ಲೆಸ್ ಝಡ್7 ತೆಗೆಯುವುದು 330 ಮಾತ್ರ. ಸದ್ದಿಲ್ಲದ ಷಟರಿಗೂ ದೋಷವಿದೆ. ಹೆಚ್ಚಿನ ಸಂವೇದಕಗಳು ದೃಶ್ಯವನ್ನು ಸಾಲು ಸಾಲಾಗಿ ಓದುವುದರಿಂದ ವೇಗವಾಗಿ ಚಲಿಸುವ ವಸ್ತು ಬಾಗಿದಂತೆ ಕಾಣಬಹುದು. ಕಲ್ಯಾಣ ಮಂಟಪದ ಎಲ್‌ಇಡಿ ದೀಪಗಳಡಿ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. ಎಲ್ಲ ಸಾಲುಗಳನ್ನೂ ಒಮ್ಮೆಗೇ ಓದುವ ಎ9 ಮಾರ್ಕ್ 3 ಕ್ಯಾಮರಾವನ್ನು ಸೋನಿ 2023ರಲ್ಲಿ ಪ್ರಕಟಿಸಿತಾದರೂ ಅದರ ಬೆಲೆ ಸಾಮಾನ್ಯರಿಗೆ ಎಟುಕುವಂಥದ್ದಲ್ಲ.

ಕನ್ನಡಿಗೂ ಒಂದು ವಿಚಿತ್ರ ಕೊರತೆಯಿತ್ತು. ಕನ್ನಡಿ ಮೇಲೆದ್ದಾಗ ಕಿಂಡಿ ಕತ್ತಲಾಗುತ್ತದೆ. ಆದ್ದರಿಂದ ಎಸ್‌ಎಲ್‌ಆರ್ ಹಿಡಿದವನು ತಾನು ಸೆರೆಹಿಡಿದ ಆ ಕ್ಷಣವೊಂದನ್ನು ಮಾತ್ರ ಕಿಂಡಿಯಲ್ಲಿ ಕಾಣುವುದೇ ಇಲ್ಲ. ಸೋನಿಯ 2017ರ ಎ9 ಕ್ಯಾಮರಾ ಸೆಕೆಂಡಿಗೆ 20 ಚಿತ್ರ ತೆಗೆಯುವಾಗಲೂ ಕಣ್ಣಿಗೆ ಕತ್ತಲು ಕವಿಯಲಿಲ್ಲ. ಕ್ರೀಡಾ ಛಾಯಾಗ್ರಾಹಕರನ್ನು ಒಲಿಸಿಕೊಂಡ ಗುಣಗಳಲ್ಲಿ ಇದೂ ಒಂದು.

ಸ್ಟುಡಿಯೋ ಮಾಲೀಕನ ಲೆಕ್ಕ

ಕಾರ್ಖಾನೆಗಳ ಮಟ್ಟಿಗೆ ತೀರ್ಪು ಹೊರಬಿದ್ದಾಗಿದೆ. ಜಪಾನಿನ ಕ್ಯಾಮರಾ ಉದ್ಯಮ ಸಂಘದ ಅಂಕಿ ಅಂಶಗಳ ಪ್ರಕಾರ 2012ರಲ್ಲಿ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಡಿಜಿಟಲ್ ಎಸ್‌ಎಲ್‌ಆರ್‌ಗಳು ರವಾನೆಯಾಗಿದ್ದವು. 2023ರ ಹೊತ್ತಿಗೆ ಅದು 12 ಲಕ್ಷಕ್ಕೂ ಕೆಳಗಿಳಿದು, ಮಿರರ್‌ಲೆಸ್ 48 ಲಕ್ಷದಷ್ಟಾಯಿತು. ಎರಡನ್ನೂ ಕೂಡಿಸಿದರೂ ಹಳೆಯ ಸಂಖ್ಯೆಯ ಅರ್ಧಕ್ಕೂ ಸಾಲದು ಎಂಬುದು ಗಮನಾರ್ಹ. ಉಳಿದ ಗಿರಾಕಿಗಳಲ್ಲಿ ಬಹುಪಾಲನ್ನು ಮೊಬೈಲ್ ಫೋನ್ ಕೊಂಡೊಯ್ದಿತು. ಅಸಾಹಿಯ ವಾರಸುದಾರನಾದ ಪೆಂಟಾಕ್ಸ್ ಮಾತ್ರ 2021 ಮತ್ತು 2023ರಲ್ಲೂ ಹೊಸ ಎಸ್‌ಎಲ್‌ಆರ್‌ಗಳನ್ನು ತಂದಿತು.

ಊರಿನ ಸ್ಟುಡಿಯೋ ಮಾಲೀಕನ ಲೆಕ್ಕ ಬೇರೆ. ಅವನ ಬಂಡವಾಳವಿರುವುದು ಕ್ಯಾಮರಾಕ್ಕಿಂತ ಹೆಚ್ಚಾಗಿ ಮಸೂರಗಳಲ್ಲಿ. ಅಡಾಪ್ಟರ್ ಹಾಕಿದರೆ ಕ್ಯಾನನ್ನಿನ ಇಎಫ್ ಮಸೂರಗಳು ಅದರ ಮಿರರ್‌ಲೆಸ್‌ನಲ್ಲೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಒಳಗೆ ಮೋಟರ್ ಇಲ್ಲದ ನಿಕಾನ್‌ನ ಹಳೆಯ ಮಸೂರಗಳು ನಿಕಾನ್‌ನದೇ ಅಡಾಪ್ಟರ್ ಹಾಕಿದಾಗ ತಾವಾಗಿ ಫೋಕಸ್ ಮಾಡಲಾರವು. ಇತ್ತ ಆಲ್ಬಂನಲ್ಲಿರುವ ಚಿತ್ರವನ್ನು ನೋಡಿ ಅದನ್ನು ತೆಗೆದದ್ದು ಯಾವ ಬಗೆಯ ಕ್ಯಾಮರಾ ಎಂದು ಗ್ರಾಹಕ ಹೇಳಲಾರ. ಹೊಸದಾಗಿ ಕೊಳ್ಳುವವನಿಗೆ ಮಿರರ್‌ಲೆಸ್ ಸಹಜ ಆಯ್ಕೆ. ಇರುವ ಎಸ್‌ಎಲ್‌ಆರ್ ಕೆಲಸ ಮಾಡುತ್ತಿದ್ದರೆ, ದುರಸ್ತಿಗೆ ಬಿಡಿಭಾಗ ಸಿಗುವವರೆಗೆ ಅದನ್ನು ದುಡಿಸಿಕೊಳ್ಳುವುದೇ ಜಾಣತನ.