ಛಾಯಾಚಿತ್ರದ ಮೂಲಕ ಮಕ್ಕಳಿಗೆ ಬರವಣಿಗೆ: ಪೋಷಕರು ಹಾಗೂ ಶಿಕ್ಷಕರಿಗೆ ಮಾಹಿತಿ

ಪೀಠಿಕೆ

ಅಕ್ಷರ ಬಲ್ಲ ಮಗುವಿಗೂ ಸ್ವಂತವಾಗಿ ನಾಲ್ಕು ವಾಕ್ಯ ಬರೆಯುವುದು ಕಷ್ಟವಾಗುವುದುಂಟು. ‘ನನ್ನ ಊರು’ ಎಂಬ ಪ್ರಬಂಧ ಬರೆಯಲು ತಿಳಿಸಿದಾಗ ಅನೇಕ ಮಕ್ಕಳು ಗೈಡಿನ ವಾಕ್ಯಗಳನ್ನೇ ಬರೆಯುತ್ತಾರೆ. ಇದಕ್ಕೆ ಭಾಷೆಯ ಕೊರತೆಯೊಂದೇ ಕಾರಣವಲ್ಲ. ತನ್ನ ಮನೆ, ತನ್ನ ಬೀದಿ ಬರೆಯಲು ಯೋಗ್ಯವಾದ ವಿಷಯ ಎಂಬ ಭರವಸೆ ಮಗುವಿಗೆ ಇಲ್ಲದಿರುವುದೂ ಒಂದು ಕಾರಣ. ಈ ಭರವಸೆಯನ್ನು ಕ್ಯಾಮೆರಾದ ಮೂಲಕ ಮೂಡಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಅಮೆರಿಕದ ಛಾಯಾಗ್ರಾಹಕಿ ವೆಂಡಿ ಇವಾಲ್ಡ್ ಅವರು 1970ರ ದಶಕದಲ್ಲಿ ಕೆಂಟಕಿ ರಾಜ್ಯದ ಗುಡ್ಡಗಾಡಿನ ಶಾಲಾ ಮಕ್ಕಳ ಕೈಗೆ ಸರಳ ಕ್ಯಾಮೆರಾಗಳನ್ನು ನೀಡಿದರು. ಮಕ್ಕಳು ತಮ್ಮ ಕುಟುಂಬ, ಸಾಕುಪ್ರಾಣಿ ಹಾಗೂ ಕನಸುಗಳ ಚಿತ್ರಗಳನ್ನು ತೆಗೆದರು. ಆ ಚಿತ್ರಗಳು ಮಕ್ಕಳ ಮಾತುಗಳೊಂದಿಗೆ 1985ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದವು. ಗುಜರಾತಿನ ಗ್ರಾಮವೊಂದರಲ್ಲಿ ಮಕ್ಕಳೊಂದಿಗೆ ಅವರು ನಡೆಸಿದ ಕೆಲಸವನ್ನು ಕುರಿತ ಪುಸ್ತಕವು 1996ರಲ್ಲಿ ಹೊರಬಂದಿತು.

ಉತ್ತರ ಕೆರೊಲಿನಾ ರಾಜ್ಯದ ಡರ್ಹ್ಯಾಮ್ ನಗರದಲ್ಲಿ 1990ರ ಸುಮಾರಿಗೆ ಡ್ಯೂಕ್ ವಿಶ್ವವಿದ್ಯಾಲಯದ ಸಾಕ್ಷ್ಯಚಿತ್ರ ಅಧ್ಯಯನ ಕೇಂದ್ರ ಹಾಗೂ ಅಲ್ಲಿನ ಸಾರ್ವಜನಿಕ ಶಾಲೆಗಳ ಸಹಯೋಗದಲ್ಲಿ ‘ಛಾಯಾಚಿತ್ರದ ಮೂಲಕ ಸಾಕ್ಷರತೆ’ ಕಾರ್ಯಕ್ರಮ ಆರಂಭವಾಯಿತು. ಡರ್ಹ್ಯಾಮ್ ನಗರ ಮತ್ತು ಕೌಂಟಿಯ ಪ್ರತ್ಯೇಕ ಶಾಲಾ ಆಡಳಿತಗಳು 1992ರಲ್ಲಿ ವಿಲೀನಗೊಂಡವು. ಅದೇ ದಶಕದಲ್ಲಿ ಅಲ್ಲಿನ ಕಪ್ಪು ಮತ್ತು ಬಿಳಿಯ ವರ್ಣದ ಮಕ್ಕಳು ತಮ್ಮನ್ನು ಒಮ್ಮೆ ಸ್ವಂತ ವರ್ಣದವರಾಗಿ, ಇನ್ನೊಮ್ಮೆ ಬೇರೆ ವರ್ಣದವರಾಗಿ ಕಲ್ಪಿಸಿಕೊಂಡು ಬರೆದರು. ಅದಕ್ಕೆ ತಕ್ಕಂತೆ ಛಾಯಾಚಿತ್ರ ತೆಗೆಸಿಕೊಂಡು, ನೆಗೆಟಿವ್‌ಗಳ ಮೇಲೂ ಬರೆದರು. ಬಾಯಿಬಿಟ್ಟು ಆಡಲು ಕಠಿಣವಾದ ವಿಷಯವೂ ಹೀಗೆ ಬರಹಕ್ಕೆ ಬಂದಿತು.

ಕಲಿಕೆಯ ಹಂತಗಳು

1. ಚಿತ್ರವನ್ನು ಓದುವುದು: ಒಂದು ಛಾಯಾಚಿತ್ರವನ್ನು ತೋರಿಸಿ, ಕಂಡದ್ದನ್ನೆಲ್ಲ ಹೇಳಲು ತಿಳಿಸಬೇಕು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಮಕ್ಕಳು ಬೇರ್ಪಡಿಸಬೇಕು.

2. ಯೋಜಿಸಿ ಬರೆಯುವುದು: ನಾನು, ನನ್ನ ಕುಟುಂಬ, ನನ್ನ ಊರು, ನನ್ನ ಕನಸು, ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ತೆಗೆಯಬೇಕಾದ ಚಿತ್ರಗಳ ಪಟ್ಟಿಯನ್ನು ಮೊದಲೇ ಬರೆಯಬೇಕು.

3. ಚಿತ್ರ ತೆಗೆಯುವುದು: ಎಲ್ಲಿ ನಿಲ್ಲಬೇಕು, ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಮಗುವೇ ತೀರ್ಮಾನಿಸಬೇಕು. ಬರೆಯುವವರು ಮಾಡುವ ಆಯ್ಕೆಯೂ ಇಂತಹದೇ.

4. ಚಿತ್ರದಿಂದ ಬರೆಯುವುದು: ಈ ಹಂತವೇ ಮುಖ್ಯವಾದುದು. ಉದಾಹರಣೆಗೆ, ಮಗು ಮನೆಯ ಒಲೆಯ ಚಿತ್ರ ತೆಗೆದು ‘ಇದು ನಮ್ಮ ಒಲೆ’ ಎಂದಷ್ಟೇ ಬರೆದಿರಬಹುದು. ಒಲೆ ಹೊತ್ತಿಸುವವರು ಯಾರು? ಸೌದೆ ಎಲ್ಲಿಂದ ಬರುತ್ತದೆ? ಆಗ ಯಾವ ವಾಸನೆ ಇತ್ತು? ಚಿತ್ರದ ಹೊರಗೆ ಯಾರಿದ್ದರು? ಛಾಯಾಚಿತ್ರವು ವಾಸನೆ, ಸದ್ದು, ನಿನ್ನೆಯ ಸಂಗತಿಗಳನ್ನು ತೋರಿಸಲಾರದು. ಅವುಗಳನ್ನು ತಿಳಿಸಲು ಮಾತೇ ಬೇಕು. ಈ ಅಗತ್ಯ ಮಗುವಿಗೆ ಮನವರಿಕೆಯಾದಾಗ ಒಂದು ವಾಕ್ಯ ಹತ್ತು ವಾಕ್ಯವಾಗುತ್ತದೆ.

ಗಮನಿಸಬೇಕಾದ ಅಂಶಗಳು

- ಪ್ರತಿ ಮಗುವಿಗೂ ಒಂದು ಕ್ಯಾಮೆರಾ ಬೇಕಾಗಿಲ್ಲ. ನಾಲ್ಕೈದು ಮಕ್ಕಳಿಗೆ ಒಂದು ಮೊಬೈಲ್ ಫೋನ್ ಸಾಕು. ಅದೂ ಇಲ್ಲದಿದ್ದಲ್ಲಿ ಮನೆಯ ಹಳೆಯ ಫೋಟೋವನ್ನು ಬಳಸಬಹುದು.
- ಒಬ್ಬ ಮಗುವಿಗೆ ಹತ್ತು ಚಿತ್ರಗಳ ಮಿತಿ ವಿಧಿಸುವುದು ಒಳ್ಳೆಯದು. ಮಿತಿ ಇದ್ದಾಗ ಮಗು ಆಲೋಚಿಸಿ ತೆಗೆಯುತ್ತದೆ.
- ಆರಂಭದಲ್ಲಿ ಕಾಗುಣಿತದ ತಪ್ಪುಗಳನ್ನು ಎತ್ತಿ ತೋರಿಸಬಾರದು. ಬರಹ ಪೂರ್ಣಗೊಂಡ ನಂತರ ತಿದ್ದಬೇಕು.
- ಮನೆಮಾತು ಬೇರೆಯಾದ ಮಗು ಮೊದಲು ತನ್ನ ಮಾತಿನಲ್ಲೇ ಹೇಳಲು ಅವಕಾಶ ನೀಡಬೇಕು.
- ಯಾರದೇ ಚಿತ್ರ ತೆಗೆಯುವ ಮುನ್ನ ಅವರ ಒಪ್ಪಿಗೆ ಪಡೆಯಲು ಮಕ್ಕಳಿಗೆ ಕಲಿಸಬೇಕು.
- ಮಕ್ಕಳ ಚಿತ್ರಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಪ್ರದರ್ಶಿಸಬಾರದು ಹಾಗೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಬಾರದು.
- ಬಡತನವನ್ನು ತೋರಿಸುವ ಚಿತ್ರವನ್ನು ಕುರಿತು ತರಗತಿಯಲ್ಲಿ ಹಾಸ್ಯ ಮಾಡಲು ಆಸ್ಪದ ನೀಡಬಾರದು. ಒಮ್ಮೆ ನಗೆಗೀಡಾದ ಮಗು ಮತ್ತೆ ತನ್ನ ಮನೆಯ ಬಗ್ಗೆ ಬರೆಯಲಾರದು.

ಈ ವಿಧಾನವನ್ನು ಮನೆಯಲ್ಲಿ ಅನುಸರಿಸಲು ಯಾವುದೇ ಅರ್ಜಿ ಅಥವಾ ಶುಲ್ಕದ ಅಗತ್ಯವಿರುವುದಿಲ್ಲ. ಒಂದು ಚಿತ್ರ, ಒಂದು ಹಾಳೆ ಹಾಗೂ ಮಗುವಿನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ಹಿರಿಯರೊಬ್ಬರು ಇದ್ದರೆ ಇಂದೇ ಆರಂಭಿಸಬಹುದಾಗಿದೆ.