ಮಲಗಿದ ಕ್ಷಯ ರೋಗಾಣು ಎಚ್ಚರಗೊಳ್ಳುವುದು ಹೇಗೆ?

ಕ್ಷಯದ ರೋಗಾಣು ದೇಹ ಹೊಕ್ಕ ಮಾತ್ರಕ್ಕೆ ಕಾಯಿಲೆ ಬರಬೇಕೆಂದಿಲ್ಲ. ರೋಗನಿರೋಧಕ ಜೀವಕೋಶಗಳು ಅದನ್ನು ಸುತ್ತುವರಿದು, ಶ್ವಾಸಕೋಶದಲ್ಲೇ ಗಂಟುಕಟ್ಟಿ ಬಂಧಿಸುತ್ತವೆ. ಆಮ್ಲಜನಕ ವಿರಳವಾದ ಆ ಸೆರೆಯಲ್ಲಿ ರೋಗಾಣು ಬೆಳವಣಿಗೆ ನಿಲ್ಲಿಸಿ, ದಶಕಗಳ ಕಾಲ ಸುಪ್ತವಾಗಿ ಉಳಿಯಬಲ್ಲದು. ಇಂಥವರಿಗೆ ಕೆಮ್ಮಿಲ್ಲ, ಅವರಿಂದ ಸೋಂಕೂ ಹರಡದು.

ಎಚ್‌ಐವಿ, ಮಧುಮೇಹ, ಅಪೌಷ್ಟಿಕತೆಗಳಿಂದ ಈ ಕಾವಲು ಸಡಿಲಗೊಂಡರೆ ರೋಗಾಣು ಎಚ್ಚರಗೊಳ್ಳಬಹುದು. ಅದರದೇ ‘ಆರ್‌ಪಿಎಫ್’ ಪ್ರೋಟೀನುಗಳು ಬಿಗಿಯಾದ ಕೋಶಭಿತ್ತಿಯನ್ನು ಕತ್ತರಿಸಿ, ಮರಳಿ ವಿಭಜನೆಗೊಳ್ಳಲು ನೆರವಾಗುತ್ತವೆ. ಈ ಬಗೆಯ ಪ್ರೋಟೀನು ಮೊದಲು ವರದಿಯಾದದ್ದು 1998ರಲ್ಲಿ, ಬೇರೊಂದು ಬ್ಯಾಕ್ಟೀರಿಯದಲ್ಲಿ. ಕ್ಷಯದ ರೋಗಾಣುವಿನಲ್ಲಿ ಇಂಥವು 5 ಇವೆ.

ಸೋಂಕಿತರಲ್ಲಿ ಸುಮಾರು ಶೇ. 5ರಿಂದ 10 ಮಂದಿ ಜೀವಿತಾವಧಿಯಲ್ಲಿ ಎಂದಾದರೊಮ್ಮೆ ಕ್ಷಯಕ್ಕೆ ತುತ್ತಾಗುತ್ತಾರೆ. ರೋಗಿಯ ಮನೆಯವರು ತಪಾಸಣೆಗೆ ಒಳಗಾಗಿ, ವೈದ್ಯರು ಸೂಚಿಸಿದ ಮುಂಜಾಗ್ರತಾ ಚಿಕಿತ್ಸೆಯನ್ನು ಪೂರ್ಣಗೊಳಿಸುವುದೇ ರೋಗಾಣುವನ್ನು ಮಲಗಿರುವಾಗಲೇ ಮಣಿಸುವ ದಾರಿ.