ತಂತಿಯಿಲ್ಲದ ಗಿಟಾರಿನ ರೋಗನಿದಾನ

ವೀಣೆ ಅಪಸ್ವರ ನುಡಿದರೆ ವೈಣಿಕರು ಮೊದಲು ತಂತಿಯ ಬಿಗಿತವನ್ನು ನೋಡುತ್ತಾರೆ. ವಿಡಿಯೋ ಆಟದ ಗಿಟಾರಿಗೆ ಈ ಉಪಾಯ ಸಲ್ಲದು. ಅದರಲ್ಲಿ ತಂತಿಯೇ ಇಲ್ಲ. 2005ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಗಿಟಾರ್ ಹೀರೊ’ ಎಂಬ ಆಟದೊಡನೆ ಪ್ರಸಿದ್ಧಿ ಪಡೆದ ಈ ಸಾಧನದ ಕುತ್ತಿಗೆಯಲ್ಲಿ ಐದು ಬಣ್ಣದ ಗುಂಡಿಗಳೂ, ಒಡಲಿನಲ್ಲಿ ಮೀಟುವುದಕ್ಕೊಂದು ಪಟ್ಟಿಯೂ ಇವೆ. ಇವೆಲ್ಲವೂ ಸ್ವಿಚ್ಚುಗಳೇ. ಸಂಗೀತವು ಆಟದಲ್ಲಿ ಮೊದಲೇ ಅಡಕವಾಗಿರುತ್ತದೆ. ಗಿಟಾರು ಕಳುಹಿಸುವುದು ‘ಒತ್ತಿದೆ’, ‘ಒತ್ತಿಲ್ಲ’ ಎಂಬ ವರ್ತಮಾನವನ್ನು ಮಾತ್ರ. ವೀಣೆಯ ತಂತಿಯನ್ನು ಪಕ್ಕಕ್ಕೆಳೆದಂತೆ ಸ್ವರವನ್ನು ಬಾಗಿಸಲು ಒಂದು ಸನ್ನೆಯೂ ಉಂಟು. ಅದರ ಬುಡದಲ್ಲಿರುವುದು ರೇಡಿಯೊದ ಧ್ವನಿಯನ್ನು ಏರಿಸಿ ಇಳಿಸುವ ತಿರುಪಿನಂತಹ ಒಂದು ಬದಲಾಗುವ ರೋಧಕ.

ಇಂತಹ ಹಳೆಯ ಗಿಟಾರು ಕೆಟ್ಟಿತೆಂದು ಗುಜರಿಗೆ ಹಾಕುವ ಮುನ್ನ ದೋಷವೆಲ್ಲಿದೆಯೆಂದು ತರ್ಕಿಸುವುದು ಲೇಸು. ಒಂದೇ ಗುಂಡಿ ಮೂಕವಾದರೆ ಆ ಗುಂಡಿಯನ್ನು ಶಂಕಿಸೋಣ. ಐದೂ ಒಟ್ಟಿಗೆ ಮೂಕವಾದರೆ? ಐದು ಸ್ವಿಚ್ಚುಗಳು ಒಂದೇ ದಿನ ಕೆಡುವ ಸಂಭವ ತೀರ ಅಲ್ಪ. ಆದುದರಿಂದ ಐದಕ್ಕೂ ಸಮಾನವಾದ ಮಾರ್ಗವನ್ನು ನೋಡಬೇಕು. ಕುತ್ತಿಗೆಯನ್ನು ಕಳಚಿ ಜೋಡಿಸುವ ಮಾದರಿಗಳಲ್ಲಿ ಸಂಧಿಯ ಲೋಹದ ತುದಿಗಳ ಮೇಲೆ ಕೊಳೆ ಕೂರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆ ಆಷಾಢದ ಗಾಳಿ ಎಬ್ಬಿಸುವ ಧೂಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ವಿದ್ಯುತ್ಕೋಶಗಳನ್ನು ತೆಗೆದಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಬಟ್ಟೆಯಿಂದ ತುದಿಗಳನ್ನು ಒರಸಿ, ಚೆನ್ನಾಗಿ ಆರಿದ ಮೇಲೆ ಜೋಡಿಸಿದರೆ ಅನೇಕ ವೇಳೆ ಐದೂ ಮಾತನಾಡುತ್ತವೆ.

ಗಿಟಾರು ನಡುನಡುವೆ ತಾನಾಗಿ ಆರಿಹೋದರೆ ಕೋಶಗಳನ್ನು ಪರೀಕ್ಷಿಸಬೇಕು. ಮುಪ್ಪಾದ ಕೋಶವು ಬರಿದೆ ಅಳೆದಾಗ 1.5 ವೋಲ್ಟಿನ ಸಮೀಪವೇ ತೋರೀತು. ವಿದ್ಯುತ್ತು ಹರಿಯತೊಡಗಿದೊಡನೆ ಆಂತರಿಕ ರೋಧದ ದೆಸೆಯಿಂದ ಕುಸಿಯುತ್ತದೆ. ಗಿಟಾರು ನಡೆಯುತ್ತಿರುವಾಗಲೇ ಅಳೆಯುವುದು ಸರಿಯಾದ ಕ್ರಮ.

ಎಲ್ಲಕ್ಕಿಂತ ಸ್ವಾರಸ್ಯವಾದ ರೋಗವೆಂದರೆ ಒಮ್ಮೆ ಮೀಟಿದುದು ಎರಡು ಸಲ ಎಣಿಕೆಯಾಗುವುದು. ಸ್ವಿಚ್ಚು ಒಂದೇ ಏಟಿಗೆ ಮುಚ್ಚುತ್ತದೆಂದು ನಾವು ಭಾವಿಸುತ್ತೇವೆ. ವಸ್ತುತಃ ಅದರೊಳಗಿನ ಲೋಹದ ಎಲೆಯು ಕಲ್ಲುನೆಲಕ್ಕೆ ಬಿದ್ದ ಗೋಲಿಯಂತೆ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿದು ಅನಂತರ ನಿಲ್ಲುತ್ತದೆ. ಪ್ರತಿ ಪುಟಿತಕ್ಕೂ ವಿದ್ಯುನ್ಮಂಡಲ ಮುಚ್ಚಿ ತೆರೆಯುತ್ತದೆ. ಇದನ್ನರಿತೇ ಒಳಗಿನ ಚಿಪ್ಪು ಮೊದಲ ಸ್ಪರ್ಶವಾದ ಮೇಲೆ ಕ್ಷಣಕಾಲ ಕಣ್ಣು ಮುಚ್ಚಿಕೊಂಡಿರುವಂತೆ ಏರ್ಪಡಿಸಿರುತ್ತಾರೆ. ಸಹಸ್ರಾರು ಏಟುಗಳಿಂದ ಎಲೆಯು ಬಳಲಿ, ಪುಟಿತವು ಆ ಕ್ಷಣವನ್ನು ಮೀರಿ ಮುಂದುವರಿದರೆ, ಒಂದು ಮೀಟು ಎರಡಾಗುತ್ತದೆ. ಒರಸುವುದರಿಂದ ಈ ರೋಗ ಹೋಗದು. ಬೆಸುಗೆ ಬಿಡಿಸಿ ಸ್ವಿಚ್ಚನ್ನೇ ಬದಲಿಸಬೇಕು. ಹಳೆಯದನ್ನು ಮಾದರಿಗಾಗಿ ಕೈಯಲ್ಲಿ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಬಹುದು.

ಸ್ವಿಚ್ಚುಗಳೆಲ್ಲ ನೆಟ್ಟಗಿದ್ದೂ ಮೀಟು ತಡವಾಗಿ ಬಿದ್ದಂತೆ ತೋರಿದರೆ ಗಿಟಾರನ್ನು ಬಿಚ್ಚಬೇಡಿ. ಇಂದಿನ ಟಿ.ವಿ.ಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುತ್ತವೆ. ಸೆಕೆಂಡಿಗೆ 60 ಚಿತ್ರಗಳಾದರೆ, ಆರು ಚಿತ್ರಗಳಷ್ಟು ವಿಳಂಬವೆಂದರೆ 100 ಮಿಲಿಸೆಕೆಂಡು. ಅಷ್ಟರೊಳಗೆ ಶಬ್ದವು ಗಾಳಿಯಲ್ಲಿ ಸುಮಾರು 34 ಮೀಟರು ದೂರ ಸಾಗಿರುತ್ತದೆ! ಟಿ.ವಿ.ಯನ್ನು ‘ಗೇಮ್ ಮೋಡ್’ಗೆ ಬದಲಿಸಿ, ಉಳಿದ ವಿಳಂಬವನ್ನು ಆಟದಲ್ಲಿಯೇ ಇರುವ ಹೊಂದಾಣಿಕೆಯ ವ್ಯವಸ್ಥೆಯಿಂದ ಸರಿಪಡಿಸಿಕೊಳ್ಳಬಹುದು.